ಲಗ್ನಪತ್ರಿಕೆಯ ಏಳು

ಪೇಪರು ಕೈಗೆ ಬಂದ ಕೂಡಲೇ ಮೊದಲ ಪುಟದ ತಲೆಬರಹವನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, ಬೆರಳು ತಿರುಗಿಸಿ ನೋಡಿಕೊಳ್ಳುವುದು ನನ್ನ ಅಭ್ಯಾಸ. ಮಸಿ ಹತ್ತಿತೋ ಇಲ್ಲವೋ ಎಂದು. ಈಗಿನ ಪೇಪರುಗಳಲ್ಲಿ ಹತ್ತುವುದಿಲ್ಲ. ಅದು ಗೊತ್ತಿದ್ದೂ ಉಜ್ಜುತ್ತೇನೆ. "ನೀನು ಪೇಪರ್ ಓದ್ತಿದ್ದೀಯೋ, ಪಾತ್ರೆ ತಿಕ್ತಿದ್ದೀಯೋ?" ಎಂದು ನಮ್ಮ ಯಜಮಾನರು ಎಷ್ಟು ಸಲ ರೇಗಿಸಿದ್ದಾರೋ ಲೆಕ್ಕವಿಲ್ಲ. ಅವರು ಮೈಸೂರಿನಲ್ಲಿ ಹುಟ್ಟಿ ಬೆಳೆದವರು, ಒಣಗಿದ ಪೇಪರನ್ನೇ ಓದಿ ದೊಡ್ಡವರಾದವರು. ನಾನು ಸಾಲಿಗ್ರಾಮದ ಪಕ್ಕದ ಹಳ್ಳಿಯವಳು. ನಮಗೆ ಬರುತ್ತಿದ್ದದ್ದು ಹಸಿ ಪೇಪರು. ಅದನ್ನು ಓದಿ ಕೈ ತೊಳೆಯದೆ ಊಟಕ್ಕೆ ಕೂತರೆ ಅವ್ವ ಸೌಟು ಎತ್ತುತ್ತಿದ್ದಳು.

ಹುಣಸೂರಿನಲ್ಲಿ ಅಚ್ಚಾಗಿ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಈ ನಾಲ್ಕು ತಾಲ್ಲೂಕುಗಳಿಗೆ ಹೋಗುತ್ತಿದ್ದ ದಿನಪತ್ರಿಕೆ ಅದು. ದೇವಿಯೊಬ್ಬಳ ಹೆಸರಿನಿಂದ ಶುರುವಾಗುವ ಅದರ ಉದ್ದನೆಯ ಹೆಸರನ್ನು ಪೂರ್ತಿ ಹೇಳಿದವರನ್ನು ನಾನು ಕಂಡಿಲ್ಲ. ಎಲ್ಲರ ಬಾಯಲ್ಲೂ ಅದು 'ನಾಲ್ಕೂರು ಪೇಪರು'. ಇದ್ದದ್ದು ನಾಲ್ಕೇ ಪುಟ. ಕಾಲಿನಲ್ಲಿ ತುಳಿಯುವ ಯಂತ್ರ, ಒಂದೊಂದೇ ಅಕ್ಷರದ ಸೀಸದ ಮೊಳೆಯನ್ನು ಕೈಯಲ್ಲಿ ಹೆಕ್ಕಿ ಜೋಡಿಸುವ ಕೆಲಸ, ರೇಡಿಯೋದ ಬೆಳಗಿನ ವಾರ್ತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಸಂಪಾದಕರು, ಇಷ್ಟರಲ್ಲೇ ಪೇಪರು ಮಧ್ಯಾಹ್ನದ ಹೊತ್ತಿಗೆ ಸಿದ್ಧವಾಗಿ ಸಂಜೆಯ ಬಸ್ಸುಗಳನ್ನು ಹತ್ತುತ್ತಿತ್ತು.

ಸಂಜೆ ಬಂದರೂ ಅದರ ಮೇಲೆ ಮರುದಿನದ ತಾರೀಕು ಇರುತ್ತಿತ್ತು. ದೊಡ್ಡ ಪೇಪರುಗಳು ನಾಳೆ ಬೆಳಿಗ್ಗೆ ಕೊಡುವುದನ್ನು ನಾವು ಇವತ್ತೇ ಕೊಡುತ್ತೇವೆ ಎಂಬುದು ಸಂಪಾದಕರ ಹೆಮ್ಮೆ. ನಾನಂತೂ ಐದನೇ ಕ್ಲಾಸಿನವರೆಗೆ ಈ ಪೇಪರಿನವರಿಗೆ ನಾಳೆ ಏನಾಗುತ್ತದೆಂದು ಮೊದಲೇ ಗೊತ್ತಿರುತ್ತದೆ ಎಂದೇ ನಂಬಿದ್ದೆ. ಇನ್ನು ಪೇಪರಿನಲ್ಲಿ 'ನಾಳೆ ವಿದ್ಯುತ್ ನಿಲುಗಡೆ' ಎಂದು ಬಂದರೆ ಅದು ಯಾವ ನಾಳೆ ಎಂದು ಊರಲ್ಲಿ ವಾದ ಹತ್ತುತ್ತಿತ್ತು. ಅವ್ವ ವಾದಕ್ಕೆ ಹೋಗದೆ ಆ ಸಂಜೆಯೇ ರಾಗಿ ಬೀಸಿಸಿಕೊಂಡು ಬಂದುಬಿಡುತ್ತಿದ್ದಳು. ಹೇಗೂ ಎರಡು ದಿನವೂ ಕರೆಂಟು ಇರುತ್ತಿರಲಿಲ್ಲ.

ಪೇಪರಿನ ಬಡತನ ನಮಗೆ ಬಡತನವೆಂದು ಅನ್ನಿಸಲೇ ಇಲ್ಲ. ಅವರ ಹತ್ತಿರ ಎತ್ತಿನ ಚಿತ್ರದ ಅಚ್ಚು ಒಂದೇ ಒಂದಿತ್ತು. ಎತ್ತು ಕಳೆದುಹೋದರೂ ಅದೇ ಚಿತ್ರ, ಎಮ್ಮೆ ಕಳೆದುಹೋದರೂ ಅದೇ ಚಿತ್ರ. ಒಮ್ಮೆ ಮೇಕೆ ಕಳೆದುಕೊಂಡವರೊಬ್ಬರ ಜಾಹೀರಾತಿನ ಪಕ್ಕದಲ್ಲೂ ಆ ಎತ್ತು ಗಂಭೀರವಾಗಿ ನಿಂತಿತ್ತು. ಹಂಪಾಪುರದ ಕಡೆಯಿಂದ 'ಆನೆ ದಾಳಿ: ಬೆಳೆ ನಾಶ, ರೈತರು ಕಂಗಾಲು' ಎಂಬ ಸುದ್ದಿ ಎಷ್ಟು ಸಲ ಬರುತ್ತಿತ್ತೆಂದರೆ ಆ ತಲೆಬರಹದ ಮೊಳೆಗಳನ್ನು ಅವರು ಬಿಚ್ಚುತ್ತಲೇ ಇರಲಿಲ್ಲವಂತೆ. ದಾರ ಕಟ್ಟಿ ಕಿಟಕಿಯ ಮೇಲೆ ಇಟ್ಟಿರುತ್ತಿದ್ದರು. ಸುದ್ದಿ ಬಂದಾಗ ಇಳಿಸಿ, ಊರಿನ ಹೆಸರು ಬದಲಿಸಿ, ಮತ್ತೆ ಕಿಟಕಿಗೆ. ಇದನ್ನೆಲ್ಲ ನನಗೆ ಹೇಳಿದವರು ಅಲ್ಲಿ ಮೊಳೆ ಜೋಡಿಸುತ್ತಿದ್ದ ಗೌರಮ್ಮ. ಅವರನ್ನು ನಾನು ನೋಡಿದ್ದು ಜೀವನದಲ್ಲಿ ಒಂದೇ ಸಲ. ಆ ಒಂದು ಸಲದ ಕಥೆಯನ್ನು ಹೇಳಲೇಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮೂರಿನಿಂದ ಆ ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತ ಹೆಣ್ಣುಮಕ್ಕಳು ಇಬ್ಬರೇ, ನಾನು ಮತ್ತು ಮಂಜುಳ. ಮಂಜುಳ ನನ್ನ ಪಕ್ಕದ ಬೀದಿಯವಳು. ಅಪ್ಪನಿಲ್ಲದ ಮಗು, ತಾತನ ಮನೆಯಲ್ಲಿ ಅವ್ವನ ಜೊತೆ ಇದ್ದಳು. ಓದಿನಲ್ಲಿ ಜಾಣೆ. ನಾನು ಜಾಣೆಯ ಪಕ್ಕದಲ್ಲಿ ಕೂರುವವಳು. ಗಣಿತದ ಪರೀಕ್ಷೆಯಲ್ಲಿ ಒಂದು ಪುಟ ತುಂಬ ರೇಖಾಗಣಿತದ ಚಿತ್ರ ಬರೆದು, ಅದಕ್ಕೆ ಮೂರು ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆದು, ಉತ್ತರವನ್ನು ಮಾತ್ರ ದೇವರಿಗೆ ಬಿಟ್ಟು ಬಂದಿದ್ದೆ.

ಅಪ್ಪ ಮೊದಲೇ ಹೇಳಿಬಿಟ್ಟಿದ್ದ. "ಪಸ್ಟ್ ಕ್ಲಾಸ್ ಬಂದ್ರೆ ಕೆ.ಆರ್.ನಗರದ ಕಾಲೇಜು. ಇಲ್ದಿದ್ರೆ ಮನೇಲಿರು, ಅಷ್ಟೇಯಾ." ದಿನಾ ಬಸ್ಸಿನಲ್ಲಿ ಹೆಣ್ಣುಮಗಳನ್ನು ಅಷ್ಟು ದೂರ ಕಳಿಸಬೇಕಾದರೆ ಊರಿನವರ ಬಾಯಿಗೆ ಒಂದು ಕಾರಣ ಬೇಕಿತ್ತು. ಅಪ್ಪನ ಲೆಕ್ಕದಲ್ಲಿ ಆ ಕಾರಣ ಫಸ್ಟ್ ಕ್ಲಾಸು. ಮಂಜುಳನ ತಾತನೂ ಅದನ್ನೇ ಕೇಳಿಕೊಂಡು ಅದನ್ನೇ ತಮ್ಮ ಮನೆಯ ಕಾನೂನು ಮಾಡಿದ್ದರು.

ಫಲಿತಾಂಶದ ದಿನ ಸಂಜೆ ನಿಂಗಣ್ಣನ ಹೋಟೆಲಿನ ಮುಂದೆ ಊರೇ ಸೇರಿತ್ತು. ನಿಂಗಣ್ಣನ ಹೋಟೆಲು ಎಂದರೆ ಎರಡು ಬೆಂಚು, ಒಂದು ಬಾಯ್ಲರು, ಮತ್ತು ನಾಲ್ಕೂರು ಪೇಪರು. ನಮ್ಮೂರಿನ ಒಂದೇ ಒಂದು ಕಾಪಿ ಅಲ್ಲಿಗೆ ಬರುತ್ತಿತ್ತು, ನಿಂಗಣ್ಣ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಆವತ್ತು ಮೂರನೇ ಪುಟ ಪೂರ್ತಿ ಪಾಸಾದವರ ನಂಬರುಗಳು. ಹೆಸರಿಲ್ಲ, ಕ್ಲಾಸಿಲ್ಲ, ಬರೀ ನಂಬರು. ನಮ್ಮ ಕಡೆಯ ನಂಬರುಗಳೆಲ್ಲ ಎರಡು ಏಳುಗಳಿಂದ ಶುರುವಾಗುತ್ತಿದ್ದವು. ನಿಂಗಣ್ಣ ಬೆರಳಿಟ್ಟುಕೊಂಡು ಇಳಿದು ನಮ್ಮ ಶಾಲೆಯ ಹತ್ತಿರ ಬಂದ. ಮಂಜುಳನ ನಂಬರು ಇತ್ತು. ಅದರ ಕೆಳಗೆ ನನ್ನದೂ ಇತ್ತು. ನಿಂಗಣ್ಣ ಅಲ್ಲಿಗೇ ಸುಮ್ಮನಾಗಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಅವನು ಕಣ್ಣು ಕಿರಿದು ಮಾಡಿ ಪೇಪರನ್ನು ಮೂಗಿನ ಹತ್ತಿರ ತಂದ. "ಇದ್ಯಾಕ್ಲಾ ಇಂಗೈತೆ?" ಎಂದ. ಮಂಜುಳನ ನಂಬರಿನಲ್ಲಿ ಎಲ್ಲವೂ ಇಂಗ್ಲಿಷ್ ಅಂಕಿಗಳು. ನನ್ನ ನಂಬರಿನಲ್ಲಿ ಮಾತ್ರ ಎರಡು ಏಳುಗಳೂ ಕನ್ನಡದವು, ಅದೂ ದಪ್ಪಗೆ, ಬಾಲವನ್ನು ಸುರುಳಿ ಸುತ್ತಿಕೊಂಡು, ಅಲಂಕಾರ ಮಾಡಿದ ಏಳುಗಳು. ಪೇಪರು ಕೈಯಿಂದ ಕೈಗೆ ಹೋಯಿತು. ಎಲ್ಲರೂ ನೋಡಿದರು.

"ಸುಮ್ಸುಮ್ನೆ ಆಕ್ತಾರೇನ್ರಲಾ? ಎಲ್ಲಾರ್ಗೂ ಸಾದಾ ಏಳು, ನಮ್ ಸುಸೀಲಂಗೆ ಮಾತ್ರ ಇಂಥಾ ಏಳು! ಪಸ್ಟ್ ಕ್ಲಾಸು ಕಣ್ರಲಾ ಇದು!" ಎಂದು ನಿಂಗಣ್ಣ ತೀರ್ಪು ಕೊಟ್ಟ.

ನನ್ನ ನಂಬರಿನ ಕೆಳಗೆ ಕಣ್ಣು ಹಾಯಿಸಿದ್ದರೆ ಉಳಿದರ್ಧ ತಾಲ್ಲೂಕಿಗೂ ಅದೇ ಬಾಲದ ಏಳು ಇರುವುದು ಕಾಣುತ್ತಿತ್ತು. ಆದರೆ ಬೇರೆ ಶಾಲೆಯವರ ನಂಬರು ನೋಡುವ ದರ್ದು ಯಾರಿಗಿತ್ತು? ಅಪ್ಪನನ್ನು ಎರಡು ಕಡೆಯಿಂದ ಇಬ್ಬರು ತಬ್ಬಿಕೊಂಡರು. ಅಪ್ಪ ಎಲ್ಲರಿಗೂ ಖಾರಾಬೂಂದಿ, ಟೀ ಹೇಳಿ, ಬೆಂಚಿನ ಮೇಲೆ ಹತ್ತಿ ನಿಂತು, "ಕಳಿಸ್ತೀನಿ ಕಣ್ರಪ್ಪ, ಕಾಲೇಜ್ಗೆ ಕಳಿಸೇ ಕಳಿಸ್ತೀನಿ" ಎಂದ. ಹೋಟೆಲಿನ ಮೂಲೆಯಲ್ಲಿ ಮಂಜುಳನ ತಾತ ಟೀ ಕುಡಿಯದೆ ಎದ್ದು, "ನಮ್ಮುಡ್ಗೀದು ಬರೀ ಪಾಸು ಅನ್ನು" ಎಂದು ಟವೆಲು ಕೊಡವಿಕೊಂಡು ಹೊರಟರು. ಮರುದಿನವೇ ಅವರು ಸಾಲಿಗ್ರಾಮದಲ್ಲಿ ಹೊಲಿಗೆ ಕಲಿಸುವವರ ಹತ್ತಿರ ಮಾತಾಡಿ ಬಂದದ್ದು ಗೊತ್ತಾಯಿತು.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಂಕಿಯ ಗುಟ್ಟು ಗೊತ್ತಿರಲಿಲ್ಲ, ಆದರೆ ನನ್ನ ಗಣಿತ ನನಗೆ ಗೊತ್ತಿತ್ತು. ಮಂಜುಳನನ್ನು ಹಿಂದೆ ಹಾಕಿ ನಾನು ಫಸ್ಟ್ ಕ್ಲಾಸು ಬರುವುದು ಸೂರ್ಯ ಪಡುವಣ ದಿಕ್ಕಿನ ಪಿರಿಯಾಪಟ್ಟಣದ ಕಡೆ ಹುಟ್ಟಿದಂತೆ. ಮಾರ್ಕ್ಸ್ ಕಾರ್ಡು ಬರಲು ಇನ್ನೂ ಎರಡು ವಾರವಿತ್ತು. ಕಾಲೇಜಿಗೆ ಅರ್ಜಿ ಹಾಕಲು ಮಾತ್ರ ಆ ವಾರವೇ ಕಡೆ. ನಾನು ಬಾಯಿ ಬಿಟ್ಟರೆ ಅಪ್ಪನ ಮಾತು ಬಿದ್ದುಹೋಗುತ್ತದೆ, ನನ್ನ ಕಾಲೇಜು ಹೋಗುತ್ತದೆ. ಬಾಯಿ ಬಿಡದಿದ್ದರೆ ಮಂಜುಳನದು ಹೋಗುತ್ತದೆ. ನಾನು ಬಾಯಿ ಬಿಡಲಿಲ್ಲ. ಬಂದವರೆಲ್ಲ ಕೊಟ್ಟ ಸಕ್ಕರೆ ತಿಂದೆ. ಮಂಜುಳ ಸೇದುವ ಬಾವಿಯ ಹತ್ತಿರ ಸಿಕ್ಕಿ, "ಒಳ್ಳೇದಾಯ್ತು ಕಣೆ" ಎಂದಾಗ ನಾನು ಕೊಡವನ್ನೇ ನೋಡುತ್ತಾ "ಊಂ" ಎಂದೆ. ಈಗಲೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಮೂರನೆಯ ದಿನ ಅಪ್ಪನಿಗೆ ಒಂದು ಆಸೆ ಹುಟ್ಟಿತು. ಊರಿನ ಒಂದೇ ಕಾಪಿ ನಿಂಗಣ್ಣನ ಹತ್ತಿರ ಉಳಿಯಿತು, ಅವನು ಅದನ್ನು ಗೋಡೆಗೆ ಅಂಟಿಸಿಬಿಟ್ಟಿದ್ದ. ಇನ್ನು ಮೂರು ಕಾಪಿ ಬೇಕು, ನನ್ನ ಇಬ್ಬರು ಸೋದರತ್ತೆಯರಿಗೆ ಒಂದೊಂದು, ನಮ್ಮ ಮನೆಗೆ ಒಂದು. ಹುಣಸೂರಿಗೇ ಹೋಗಿ ಪ್ರೆಸ್ಸಿನವರನ್ನು ಕೇಳೋಣ ಎಂದು ಒಗೆದ ಪಂಚೆ ಉಟ್ಟು, ನನ್ನನ್ನೂ ಹೊರಡಿಸಿದ. ಮಗಳನ್ನು ಪೇಪರಿನವರಿಗೆ ತೋರಿಸುವ ಆಸೆಯೂ ಇತ್ತೆಂದು ಕಾಣುತ್ತದೆ.

ಪ್ರೆಸ್ಸು ಎಂದರೆ ಏನೇನೋ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಹೆಂಚಿನ ಮನೆ, ಎರಡು ಕೋಣೆ. ಸೀಮೆಎಣ್ಣೆ ಮತ್ತು ಮಸಿಯ ವಾಸನೆ. ಒಳಗಿನ ಕೋಣೆಯಲ್ಲಿ ನೂರಾರು ಖಾನೆಗಳ ಮರದ ತಟ್ಟೆಗಳು, ಅವುಗಳ ಮುಂದೆ ಎತ್ತರದ ಸ್ಟೂಲಿನ ಮೇಲೆ ಗೌರಮ್ಮ. ನಲವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಖಾನೆಗಳನ್ನು ನೋಡದೆಯೇ ಅಕ್ಷರ ಹೆಕ್ಕುತ್ತಿದ್ದರು. ಹೊರಗಿನ ಕೋಣೆಯಲ್ಲಿ ಸಂಪಾದಕರು, ತೆಳ್ಳಗೆ, ಕಿವಿಯ ಮೇಲೆ ಪೆನ್ಸಿಲು ಇಟ್ಟುಕೊಂಡು ಒಂದು ಮದುವೆಯ ಲಗ್ನಪತ್ರಿಕೆಯ ಕರಡು ತಿದ್ದುತ್ತಿದ್ದರು. ಪೇಪರಿನಿಂದ ಹೊಟ್ಟೆ ತುಂಬುವುದಿಲ್ಲವೆಂದು ಅವರು ಲಗ್ನಪತ್ರಿಕೆಗಳನ್ನೂ ಅಚ್ಚು ಹಾಕುತ್ತಿದ್ದರು.

ಅಪ್ಪ ಕೈ ಮುಗಿದು ವಿಷಯ ಹೇಳಿ, ಕೊನೆಗೆ, "ಪಸ್ಟ್ ಕ್ಲಾಸ್‌ನೋರ ಏಳನ್ನ ಬೋ ಚೆಂದಾಗಿ ಆಕಿದ್ದೀರಿ ಸೋಮಿ" ಎಂದ.

ಸಂಪಾದಕರಿಗೆ ಅರ್ಥವಾಗಲಿಲ್ಲ. ಒಳಗಿದ್ದ ಗೌರಮ್ಮನಿಗೆ ಅರ್ಥವಾಯಿತು. ಅವರು ನಗುತ್ತಾ ಸ್ಟೂಲಿನಿಂದ ಇಳಿದು ಬಂದರು. "ಬನ್ನಿ ಯಜಮಾನ್ರೆ, ಇಲ್ಲಿ ನೋಡಿ" ಎಂದು ಒಂದು ಖಾನೆ ತೋರಿಸಿದರು. "ಇದು ಏಳರ ಮನೆ. ನಮ್ಮತ್ರ ಇರೋದೇ ಇಷ್ಟು. ದಿನದ ಪೇಪರ್ಗೆ ಧಾರಾಳ ಸಾಕು. ಅವತ್ತು ನೋಡಿ, ಒಂದೊಂದು ಮಗೀಗೂ ಎರಡೆರಡು ಏಳು. ಹುಣಸೂರು ಆಯ್ತು, ಪಿರಿಯಾಪಟ್ಣ ಆಯ್ತು, ಕೋಟೆ ಆಯ್ತು, ಕೆ.ಆರ್.ನಗರದ ಅರ್ಧಕ್ಕೆ ಬರೋ ಹೊತ್ಗೆ ಮನೆ ಖಾಲಿ! ಬಸ್ಸಿನ ಟೈಮ್ ಬೇರೆ ಆಗ್ತಿತ್ತು. ಏನ್ ಮಾಡ್ಲಿ? ಲಗ್ನಪತ್ರಿಕೆ ಏಳನ್ನ ತಂದು ಜೋಡಿಸ್ದೆ."

ಅಪ್ಪ ಆ ಖಾನೆಯನ್ನೇ ನೋಡುತ್ತಾ ನಿಂತ. "ಅಂಗಾರೆ ಕ್ಲಾಸು?"

"ಕ್ಲಾಸ್ ನಮಗೆಲ್ಲಿಂದ ಗೊತ್ತಾಗ್ಬೇಕು? ಅವ್ರು ಕೊಟ್ಟಿದ್ದು ಬರೀ ನಂಬರು."

ನಾನು ಕಿಟಕಿಯ ಮೇಲಿದ್ದ, ದಾರ ಕಟ್ಟಿದ ಆನೆ ದಾಳಿಯನ್ನು ಓದಲು ಪ್ರಯತ್ನಿಸುತ್ತಿದ್ದೆ. ಅಕ್ಷರಗಳೆಲ್ಲ ಎಡಬಲ ತಿರುಗಿ ಕಾಣುತ್ತಿದ್ದವು. ಅಪ್ಪ ಕೋಪ ಮಾಡಿಕೊಂಡು ಹೊರಟುಬಿಡುತ್ತಾನೆ, ದಾರಿಯಲ್ಲೇ ನನ್ನ ಕಾಲೇಜಿನ ಕಥೆ ಮುಗಿಸುತ್ತಾನೆ ಎಂದುಕೊಂಡೆ. ಅಪ್ಪ ಹೊರಡಲಿಲ್ಲ. ಹೋಟೆಲಿನಲ್ಲಿ ನಡೆದದ್ದು, ಮಂಜುಳನ ತಾತ ಎದ್ದು ಹೋದದ್ದು, ಹೊಲಿಗೆಯ ಮಾತು, ಎಲ್ಲವನ್ನೂ ಸಂಪಾದಕರಿಗೆ ಹೇಳಿದ.

ಸಂಪಾದಕರು ಪೆನ್ಸಿಲು ತೆಗೆದು ಕೆಳಗಿಟ್ಟರು. ಅವರ ಮುಖ ಸಣ್ಣಗಾಯಿತು. "ನಾಲ್ಕು ತಾಲ್ಲೂಕಲ್ಲಿ ಇನ್ನೆಷ್ಟು ಊರಲ್ಲಿ ಹೀಗಾಗಿದೆಯೋ" ಎಂದರು. "ಇವತ್ತೇ ತಿದ್ದುಪಡಿ ಹಾಕ್ತೀನಿ. ಅಂಕಿಗೂ ಕ್ಲಾಸಿಗೂ ಸಂಬಂಧ ಇಲ್ಲ ಅಂತ ಬರೀತೀನಿ. ನಿಮ್ಮ ಶಾಲೆ ಪಟ್ಟಿಯನ್ನೂ ಪೂರ್ತಿ ಸಾದಾ ಏಳಲ್ಲೇ ಮತ್ತೆ ಅಚ್ಚು ಹಾಕ್ತೀನಿ."

"ಬ್ಯಾಡಿ ಸೋಮಿ" ಎಂದ ಅಪ್ಪ. "ನೀವು ಬರೆಯೋದ ನಮ್ಮೂರೋರು ಓದಾಕಿಲ್ಲ, ಏಳ ನೋಡ್ತಾರೆ. ಸಾದಾ ಏಳು ಆಕಿದ್ರೆ ಇಬ್ರೂ ಮನೇಲಿರ್ತವೆ. ಆ ಮದ್ವೆ ಏಳನ್ನೇ ಇಬ್ರಿಗೂ ಆಕ್ಬುಡಿ."

ಸಂಪಾದಕರು ಗೌರಮ್ಮನ ಮುಖ ನೋಡಿದರು. ಗೌರಮ್ಮ ಆಗಲೇ ಲಗ್ನಪತ್ರಿಕೆಯ ತಟ್ಟೆ ಎಳೆದಾಗಿತ್ತು. "ಅವ್ರು ಹೇಳೋದೂ ಸರಿ ಅಲ್ವಾ ಸಾರ್? ನಂಬರ್ ಏನೂ ಬದಲಾಗಲ್ಲ" ಎಂದರು. ಸಂಪಾದಕರು ತಲೆ ಕೆರೆದುಕೊಂಡು, ತಿದ್ದುಪಡಿಯನ್ನೂ ಬರೆದರು, ನಮ್ಮ ಶಾಲೆಯ ಪಟ್ಟಿ ಪೂರ್ತಿ ಬಾಲದ ಏಳಿನಲ್ಲಿ ಬರಲೆಂದು ಒಪ್ಪಿಗೆಯನ್ನೂ ಕೊಟ್ಟರು. ಒಂದು ಪೇಪರು ತನ್ನ ತಪ್ಪನ್ನು ತಿದ್ದಿಕೊಳ್ಳಲು ಅದೇ ತಪ್ಪನ್ನು ಎಲ್ಲರಿಗೂ ಹಂಚಿದ್ದನ್ನು ನಾನು ಅಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ.

ಮೂರು ಕಾಪಿ ಕೇಳಲು ಹೋದ ನಾವು ಮಧ್ಯಾಹ್ನದವರೆಗೆ ಅಲ್ಲೇ ಕೂತೆವು. ಗೌರಮ್ಮ ನನಗೆ ಎತ್ತಿನ ಅಚ್ಚು ತೋರಿಸಿದರು, ಆನೆಯ ಕಥೆ ಹೇಳಿದರು, ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಪಾಲು ಕೊಟ್ಟರು. ಮಂಜುಳನ ನಂಬರನ್ನು ನನ್ನ ಕಣ್ಣೆದುರೇ ಜೋಡಿಸಿದರು. ಸಂಜೆ ನಮ್ಮ ಬಸ್ಸಿನಲ್ಲೇ ನಮ್ಮ ಕಡೆಯ ಪೇಪರಿನ ಕಟ್ಟೂ ಹೊರಟಿತು. ಅಪ್ಪ ಅದನ್ನು ಕಂಡಕ್ಟರನ ಕಾಲ ಹತ್ತಿರ ಇಡಲು ಬಿಡದೆ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಒಗೆದ ಪಂಚೆಯ ತುಂಬ ಮಸಿ.

ಕೆ.ಆರ್.ನಗರ ದಾಟುವವರೆಗೆ ಅಪ್ಪ ಕಟ್ಟಿನ ದಾರವನ್ನೇ ಬಿಗಿ ಮಾಡುತ್ತಿದ್ದ. ಆಮೇಲೆ, "ನಿಂಗೆ ಮೊದ್ಲೇ ಅನುಮಾನ ಇತ್ತಾ ಕೂಸೇ?" ಎಂದ.

"ಲೆಕ್ಕದ ಪರೀಕ್ಷೆ ಸರಿಯಾಗಿ ಬರ್ದಿರ್ಲಿಲ್ಲ ಅಪ್ಪ."

"ಮಂಜುಳ?"

"ಅವ್ಳು ಎಲ್ಲಾನೂ ಬರ್ದಿದ್ಲು."

ಅಪ್ಪ ಕಿಟಕಿಯಾಚೆ ಭತ್ತದ ಗದ್ದೆಗಳನ್ನು ನೋಡಿದ. ಬೈಯಲಿಲ್ಲ. "ಊರೋರು ಅಂದ್ರು ಅಂತ ನಾನೂ ಕುಣ್ದೆ. ನಂದೂ ತಪ್ಪೈತೆ ಬುಡು" ಎಂದ. ನಾನು ಕಾಲೇಜಿನ ವಿಷಯ ಕೇಳಿದೆ. "ಅದು ಬ್ಯಾರೆ ಮಾತು. ನಿಂಗಣ್ಣನ ಓಟ್ಲಲ್ಲಿ ಎಲ್ಲಾರ್ ಮುಂದೆ ಏಳಿವ್ನಿ" ಎಂದ. ನನ್ನ ಉನ್ನತ ಶಿಕ್ಷಣ ನಿಂತಿರುವುದು ನನ್ನ ಅಂಕಗಳ ಮೇಲಲ್ಲ, ಖಾರಾಬೂಂದಿಯ ಜೊತೆ ಆಡಿದ ಒಂದು ಮಾತಿನ ಮೇಲೆ.

ಬಸ್ಸು ಇಳಿದವನೇ ಅಪ್ಪ ಒಂದು ಪೇಪರು ಹಿಡಿದುಕೊಂಡು ನೇರವಾಗಿ ಮಂಜುಳನ ಮನೆಗೆ ನಡೆದ. "ಬಾ" ಎಂದು ನನ್ನನ್ನೂ ಕರೆದ. ನಾನು ತಲೆನೋವೆಂದು ಹೇಳಿ ಮನೆಗೆ ಓಡಿದೆ. ತಾತ ಜಗಲಿಯ ಮೇಲೆ ಕೂತು, ಬಾಲದ ಏಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರಂತೆ. ನಿಂಗಣ್ಣ ತಿದ್ದುಪಡಿಯನ್ನು ಗಟ್ಟಿಯಾಗಿಯೇ ಓದಿದ. ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಪೇಪರಿನವರು ತಪ್ಪು ತಿದ್ದಿಕೊಂಡು ಮಂಜುಳನಿಗೂ ಫಸ್ಟ್ ಕ್ಲಾಸು ಕೊಟ್ಟರು ಎಂಬುದಷ್ಟೇ ಊರಿಗೆ ಅರ್ಥವಾಯಿತು. ಮರುದಿನ ನಾವಿಬ್ಬರೂ ಒಟ್ಟಿಗೆ ಹೋಗಿ ಅರ್ಜಿ ಹಾಕಿದೆವು.

ಮಾರ್ಕ್ಸ್ ಕಾರ್ಡು ಬಂದಾಗ ಮಂಜುಳನಿಗೆ ಫಸ್ಟ್ ಕ್ಲಾಸು, ನನಗೆ ಸೆಕೆಂಡು. ಊರಿನವರು ಯಾರೂ ಕೇಳಲಿಲ್ಲ. ಪೇಪರಿನಲ್ಲಿ ಬಂದದ್ದನ್ನು ಮತ್ತೆ ಕಾರ್ಡಿನಲ್ಲಿ ನೋಡುವುದೇನಿದೆ? ಎರಡು ವರ್ಷ ನಾವು ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೆ.ಆರ್.ನಗರಕ್ಕೆ ಹೋಗಿ ಬಂದೆವು. ಆಮೇಲೆ ಅವಳು ನರ್ಸಿಂಗ್ ಓದಿದಳು, ನಾನು ಕನ್ನಡ ಮೇಡಮ್ಮಾದೆ. ಗಣಿತದ ಮೇಷ್ಟ್ರು ರಜಾ ಹಾಕಿದ ದಿನ ಅವರ ಪೀರಿಯಡ್ಡು ನನಗೆ ಬೀಳದಿರಲಿ ಎಂದು ಇವತ್ತಿಗೂ ಹರಕೆ ಹೊರುತ್ತೇನೆ.

ಪೇಪರಿಗೂ ಕಾಲ ಬಂತು. ಎರಡು ಸಾವಿರದ ಆಸುಪಾಸಿನಲ್ಲಿ ಅಲ್ಲಿಗೆ ಕಂಪ್ಯೂಟರು ಬಂತಂತೆ. ಏಳುಗಳ ಬರ ತೀರಿತು, ಮಸಿ ಕೈಗೆ ಹತ್ತುವುದು ನಿಂತಿತು. ಎತ್ತಿನ ಜಾಗದಲ್ಲಿ ಕಳೆದುಹೋದ ದನದ್ದೇ ಫೋಟೋ ಬರತೊಡಗಿತು. ಅಷ್ಟು ಹೊತ್ತಿಗೆ ದೊಡ್ಡ ಪೇಪರುಗಳು ಬಣ್ಣದ ಜಿಲ್ಲಾ ಪುಟಗಳನ್ನು ಹೊತ್ತು ಬೆಳಗಿನ ಜಾವವೇ ಹಳ್ಳಿಗಳನ್ನು ಮುಟ್ಟುತ್ತಿದ್ದವು. ನಾಲ್ಕೂರು ಪೇಪರು ದಿನಕ್ಕೊಂದು ಹೋಗಿ ವಾರಕ್ಕೊಂದಾಯಿತು, ಆಮೇಲೆ ಒಂದು ವಾರ ಬರಲಿಲ್ಲ, ಮತ್ತೆ ಬರಲೇ ಇಲ್ಲ. ಗೌರಮ್ಮ ಏನಾದರೋ ನನಗೆ ಗೊತ್ತಾಗಲಿಲ್ಲ. ಹೋಗಿ ಕೇಳಬಹುದಿತ್ತು, ಹೋಗಲಿಲ್ಲ. ಅದು ನನ್ನ ಸೋಮಾರಿತನ, ಬೇರೆ ಹೆಸರು ಬೇಡ.

ಪೇಪರು ನಿಂತ ಸುದ್ದಿ ನನಗೆ ತಿಳಿದದ್ದು ಮಂಜುಳನಿಂದಲೇ. ಅವಳು ಆಗ ಕೆ.ಆರ್.ನಗರದಲ್ಲಿ ನರ್ಸು. ಒಂದು ಭಾನುವಾರ ಅವಳ ಮನೆಗೆ ಊಟಕ್ಕೆ ಹೋಗಿದ್ದೆ. ಪೇಪರಿನ ಮಾತು ಬಂತು, ಏಳಿನ ಮಾತು ಬಂತು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ನಗುವಿನ ಧೈರ್ಯದಲ್ಲಿ, ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಆ ಮೂರು ದಿನವೂ ನನ್ನದು ಫಸ್ಟ್ ಕ್ಲಾಸಲ್ಲ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ, ನಿನ್ನನ್ನು ಹೊಲಿಗೆಗೆ ಕಳಿಸುತ್ತಾರೆಂದು ತಿಳಿದ ಮೇಲೂ ಸುಮ್ಮನಿದ್ದೆ ಎಂದೆ.

ಮಂಜುಳ ಹುರುಳಿಕಾಳಿನ ಸಾರು ಬಡಿಸುತ್ತಿದ್ದಳು. "ನಂಗೂ ಗೊತ್ತಿತ್ತಲ್ಲ" ಎಂದಳು, ಬಡಿಸುವುದನ್ನು ನಿಲ್ಲಿಸದೆ.

"ಏನು ಗೊತ್ತಿತ್ತು?"

"ನಿಂದು ಫಸ್ಟ್ ಕ್ಲಾಸಲ್ಲ ಅಂತ. ಲೆಕ್ಕದ ಪರೀಕ್ಷೆ ಮುಗಿಸ್ಕೊಂಡು ನೀನು ದಾರೀಲೆಲ್ಲಾ ಅತ್ಕೊಂಡು ಬಂದಿದ್ದೆ. ನನ್ ಜೊತೇಲೇ ಅಲ್ವೇನೆ ಬಂದಿದ್ದು?"

ನಾನು ಮುದ್ದೆ ಮುರಿಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದೆ. "ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ? ನಿಮ್ ತಾತಂಗೆ ಹೇಳಿದ್ರೆ ಅವತ್ತೇ ಎಲ್ಲಾ ಸರಿಹೋಗ್ತಿತ್ತು!"

"ನಾನು ಹೇಳ್ಬುಟ್ಟಿದ್ರೆ ನಿಮ್ಮಪ್ಪ ನಿನ್ನ ಕಾಲೇಜ್ಗೆ ಕಳಿಸ್ತಿದ್ರಾ?" ಎಂದಳು ಮಂಜುಳ.